ಇದ್ದಿಲು ಬಸ್ಸಿನಲ್ಲಿ ಬೊಂಬಾಯಿಯ ಪಾಪ

ಅವರು ತೀರಿಹೋದ ಸುದ್ದಿ ನನಗೆ ಸಿಕ್ಕಿದ್ದು ಕೃಷ್ಣಗಿರಿಯ ಬಸ್ ಸ್ಟ್ಯಾಂಡಿನಲ್ಲಿ, ನಾನು ಬಾಯಿತುಂಬ ಮಾವಿನಹಣ್ಣು ಇಟ್ಟುಕೊಂಡಿದ್ದಾಗ. ಹೇಳಿದವರು ಡ್ರೈವರ್ ಪೀರ್ ಸಾಬರು. ಅವರೂ ಆಗ ಸ್ಟೀರಿಂಗ್ ಬಿಟ್ಟು ಊರುಗೋಲು ಹಿಡಿದಿದ್ದರು.

"ಟೀಚರಮ್ಮಾ, ನಮ್ ಕಂಡಕ್ಟರು ಹೋಗ್ಬುಟ್ರು."

"ಅಯ್ಯೋ! ಏನಾಗಿತ್ತು?"

"ಏನೂ ಇಲ್ಲ, ನಿದ್ದೇಲೇ ಹೋದ್ರು. ಯಾವ ಪಾಪಕ್ಕೆ ಅಂತ ಕೇಳಾವ ಅಂದ್ರೆ ಹೇಳಾಕೆ ಅವರೇ ಇಲ್ವಲ್ಲ!"

ದುಃಖಪಡಬೇಕಾದ ಹೊತ್ತಿನಲ್ಲಿ ನನಗೆ ನಗು ಒತ್ತರಿಸಿ ಬಂದು ಹಣ್ಣಿನ ರಸವೆಲ್ಲ ಸೀರೆಯ ಮೇಲೆ ಸುರಿಯಿತು. ಪೀರ್ ಸಾಬರಂತೂ ಊರುಗೋಲಿಗೆ ಜೋತುಬಿದ್ದು ನಕ್ಕರು. ಸುತ್ತ ನಿಂತವರು ಇಬ್ಬರು ಮುದುಕರಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ಸತ್ತವರನ್ನು ನೆನೆದು ಹೀಗೆ ನಗಬಾರದು, ಗೊತ್ತು. ಆದರೆ ಆ ಮನುಷ್ಯನನ್ನು ಬಲ್ಲವರು ಬೇರೆ ಹೇಗೂ ನೆನೆಯಲಾರರು.

ನಾನು ಹೇಳುತ್ತಿರುವುದು ಎರಡನೆಯ ಮಹಾಯುದ್ಧದ ಕಾಲದ ಮಾತು. ಪೆಟ್ರೋಲೆಲ್ಲ ಸೈನ್ಯದ ಪಾಲಾಗಿ, ನಮ್ಮ ಹೊಸೂರು–ಕೃಷ್ಣಗಿರಿ ಬಸ್ಸು ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಹಂಡೆ ಕಟ್ಟಿದ್ದರು. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಪಕ್ಕದ ಹಿಡಿಯನ್ನು ಗರಗರ ತಿರುವಿದರೆ ಗ್ಯಾಸು ಹುಟ್ಟಿ ಎಂಜಿನ್ನಿಗೆ ಹೋಗಬೇಕು. ಹೋಗುವುದು ಬಿಡುವುದು ಅದರ ಇಷ್ಟ. ಮನಸ್ಸು ಬಂದರೆ ಕುದುರೆಯ ಹಾಗೆ ಓಡುತ್ತಿತ್ತು, ಮನಸ್ಸಿಲ್ಲದಿದ್ದರೆ ಹುಣಸೆಮರದ ನೆರಳು ಕಂಡಲ್ಲೆಲ್ಲ ನಿಲ್ಲುತ್ತಿತ್ತು. ಶೂಳಗಿರಿ ದಾಟಿ ಮೇಲುಮಲೆಯ ಏರು ಬಂತೆಂದರೆ ಕೇಳುವುದೇ ಬೇಡ. ಗಂಡಸರು, ಹೆಂಗಸರು, ಕೋಳಿಬುಟ್ಟಿ ಹೊತ್ತವರು, ಜರಿಪಂಚೆ ಉಟ್ಟವರು, ಎಲ್ಲರೂ ಇಳಿದು ತಳ್ಳಬೇಕು.

ನಾನಾಗ ಶೂಳಗಿರಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕೃಷ್ಣಗಿರಿಯ ಹುಡುಗಿಯರ ಶಾಲೆಗೆ ಹೊಸದಾಗಿ ಟೀಚರಾಗಿ ಹೋಗುತ್ತಿದ್ದೆ. ದಿನವೂ ಇದೇ ಬಸ್ಸು, ಇದೇ ಕಂಡಕ್ಟರು. ಸಣಕಲು ಆಳು, ಕಿವಿಯ ಮೇಲೆ ಪೆನ್ಸಿಲ್ಲು, ಹೆಗಲಲ್ಲಿ ಟವಲು. ಹಂಡೆಯ ಹಿಡಿ ತಿರುವುವ ಕೆಲಸವೂ ಅವರದೇ ಆದ್ದರಿಂದ ಎಡಗೆನ್ನೆಗೆ ಮಸಿ ಅಂಟಿಯೇ ಇರುತ್ತಿತ್ತು. ತಮಿಳರು ಹತ್ತಿದರೆ "ಪೋಲಾಂ ರೈಟ್" ಎಂದು ಕೂಗುತ್ತಿದ್ದರು, ತೆಲುಗರಿಗೆ "ಪೋದಾಂ ರೈಟ್", ನಮ್ಮವರಿಗೆ "ಓಗ್ಲಿ ಬುಡಣ್ಣೋ ರೈಟ್". ಮೂವರೂ ಒಂದೇ ಸಲ ಹತ್ತಿದರೆ ಮೂರನ್ನೂ ಕೂಗುವುದರೊಳಗೆ ಎಂಜಿನ್ನು ಆರಿಹೋಗುತ್ತಿತ್ತು.

ಅವರ ನಿಜವಾದ ಕಸುಬು ಟಿಕೆಟ್ಟು ಕೊಡುವುದಾಗಿರಲಿಲ್ಲ. ಅವರು ದೇವರ ಕೋಪಕ್ಕೆ ಅರ್ಥ ಹೇಳುವವರು. ಬೆಂಗಳೂರಿನಿಂದ ಬಂದ ಪತ್ರಿಕೆಯನ್ನು ಹೊಸೂರಿನಲ್ಲಿ ಕಂಕುಳಿಗೆ ಸೇರಿಸಿಕೊಂಡು, ನಾನು ಶೂಳಗಿರಿಯಲ್ಲಿ ಹತ್ತುತ್ತಲೇ ನನ್ನ ಕೈಗೆ ಕೊಡುವರು. "ಓದಿ ಟೀಚರಮ್ಮಾ, ಯಾವ ಪಟ್ಣಕ್ಕೆ ಏನಾಯ್ತು ನೋಡವ." ನಾನು ಓದುವುದು, ಅವರು ವ್ಯಾಖ್ಯಾನ ಮಾಡುವುದು. ಮಠದಲ್ಲಿ ಒಬ್ಬರು ಭಾರತ ವಾಚಿಸಿ ಇನ್ನೊಬ್ಬರು ಅರ್ಥ ಹೇಳುತ್ತಾರಲ್ಲ, ಹಾಗೇ. ಎಲ್ಲೋ ಗೋಡೆ ಕುಸಿದರೆ, ಎಲ್ಲೋ ಬೆಂಕಿ ಬಿದ್ದರೆ, ಎಲ್ಲೋ ಪ್ಲೇಗು ಬಂದರೆ ಅದರ ಹಿಂದಿನ ಪಾಪ ಅವರಿಗೆ ತಟ್ಟನೆ ಹೊಳೆಯುತ್ತಿತ್ತು. ಬಲಗೈ ತೋರುಬೆರಳೆತ್ತಿ ಮೇಲೆ ನೋಡುವರು. ಅದೇ ಹೊತ್ತಿಗೆ ಬಸ್ಸು ಹಳ್ಳಕ್ಕೆ ಬಿದ್ದರೆ ಬೆರಳು ಚಾವಣಿಗೆ ಬಡಿದು ಉಳುಕುತ್ತಿತ್ತು. ಉಳುಕಿದ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಮುಂದುವರಿಸುವರು.

ಹಳ್ಳಿಗೆ ಕಷ್ಟ ಬಂದರೆ ಅವರು ತುಟಿ ಬಿಚ್ಚುತ್ತಿರಲಿಲ್ಲ. ಪಟ್ಟಣವೇ ಆಗಬೇಕು. "ಪಟ್ಣದೋರು ನೀರು ಮಾರ್ತಾರೆ, ನಿಂತ್ಕೊಂಡು ಉಣ್ತಾರೆ, ಗಂಡನ ಮುಂದೆ ಹೆಂಡ್ತಿ ನಡೀತಾಳೆ. ದೇವ್ರು ಎಷ್ಟೂಂತ ಸಹಿಸ್ತಾನೆ?" ಎಲ್ಲಕ್ಕಿಂತ ದೊಡ್ಡ ಪಾಪವೆಂದರೆ ಹಗಲು ಹೊತ್ತಿನ ಸಿನಿಮಾ. "ಸೂರ್ಯ ದೇವ್ರು ಬಾಗ್ಲಾಗೆ ನಿಂತವ್ನೆ. ಇವ್ರು ಬಾಗ್ಲು ಹಾಕ್ಕೊಂಡು, ಕತ್ಲೆ ಮಾಡ್ಕೊಂಡು, ಬೊಂಬೆ ನೋಡ್ತಾರೆ! ಮನೆಗೆ ಬಂದ ನೆಂಟನ ಮುಖಕ್ಕೆ ಬಾಗ್ಲು ಬಡಿದಂಗೆ ಅಲ್ವೇನವ್ವಾ?"

ಅನಾಹುತ ನಮ್ಮ ಬಸ್ಸಿಗೇ ಆದರೆ ಅವರ ಶಾಸ್ತ್ರವೇ ಬೇರೆ. ಒಂದು ಸಲ ಮದುವೆ ದಿಬ್ಬಣವೊಂದು ಹತ್ತಿತ್ತು. ಮೇಲುಮಲೆಯ ತಿರುವಿನಲ್ಲಿ ಹಂಡೆ ಢಮ್ಮೆಂದು ಸೀನಿತು. ಮಸಿಯ ಮೋಡವೊಂದು ಬಸ್ಸಿನೊಳಗೆ ನುಗ್ಗಿ, ಮದುಮಗನ ಬಾಸಿಂಗದಿಂದ ಹಿಡಿದು ಓಲಗದವರ ಕೆನ್ನೆಯವರೆಗೆ ಎಲ್ಲವೂ ಕಪ್ಪಾಯಿತು. ಕೃಷ್ಣಗಿರಿಯಲ್ಲಿ ಆರತಿ ಹಿಡಿದು ನಿಂತ ಹೆಣ್ಣಿನ ಕಡೆಯವರಿಗೆ ಇವರಲ್ಲಿ ಗಂಡು ಯಾರೆಂದೇ ತಿಳಿಯಲಿಲ್ಲ. ನಮ್ಮ ಕಂಡಕ್ಟರು ಮೊದಲು ಇಳಿದು ಕೈಯೆತ್ತಿ ಸಾರಿದರು. "ಹೆದರ್ಬ್ಯಾಡಿ! ದೇವ್ರೇ ದೃಷ್ಟಿಬೊಟ್ಟು ಇಟ್ಟವ್ನೆ. ಇನ್ನು ಯಾರ ಕಣ್ಣೂ ತಾಕಾಕಿಲ್ಲ!"

ಪೀರ್ ಸಾಬರು ಹಾರನ್ ಒರೆಸುತ್ತ ಅಂದರು: "ನಮ್ ಬಸ್ಸಿಗಾದ್ರೆ ದೃಷ್ಟಿಬೊಟ್ಟು, ಮದ್ರಾಸಿಗಾದ್ರೆ ಪಾಪ. ದೇವ್ರು ನಿನ್ ಹತ್ರಾನೇ ಟಿಕೆಟ್ ತಗೊಂಡವ್ನೆ ಕಣಯ್ಯ."

ಮದರಾಸಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಜಪಾನಿನವರು ಬಾಂಬು ಹಾಕುತ್ತಾರೆಂಬ ಭಯಕ್ಕೆ ಆ ಪಟ್ಟಣ ಖಾಲಿಯಾದಾಗ ಎಷ್ಟೋ ಸಂಸಾರಗಳು ಪೆಟ್ಟಿಗೆ ಹೊತ್ತು ನಮ್ಮ ಕಡೆ ಬಂದವು. ಹಾಗೆ ಬಂದ ಒಬ್ಬ ವಕೀಲರು, ಅವರ ವೃದ್ಧ ತಾಯಿ ನಮ್ಮ ಬಸ್ಸು ಹತ್ತಿದರು. ಅವರೆದುರಿಗೇ ಇವರು ಬೆರಳೆತ್ತಿ, ಸಮುದ್ರದ ದಂಡೆಯಲ್ಲಿ ಕಡಲೆ ತಿನ್ನುತ್ತ ಸಂಧ್ಯಾವಂದನೆ ಮರೆತದ್ದಕ್ಕೇ ಮದರಾಸಿಗೆ ಈ ಗತಿ ಎಂದು ವಿವರಿಸಿದರು. ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡರು. ಮೇಲುಮಲೆ ಬಂತು, ಬಸ್ಸು ನಿಂತಿತು. ಅಜ್ಜಿಯೂ ರೇಷ್ಮೆ ಸೀರೆ ಎತ್ತಿ ಕಟ್ಟಿ ಹೆಗಲು ಕೊಟ್ಟರು. ಏರು ಮುಗಿದ ಮೇಲೆ ಏದುಸಿರು ಬಿಡುತ್ತ ತಮಿಳಿನಲ್ಲಿ ಹೇಳಿದರು, "ನೀನಂದದ್ದು ನಿಜ ಕಣಪ್ಪಾ. ಕಡಲೆ ತಿಂದದ್ದಕ್ಕೆ ಶಿಕ್ಷೆ ಇದ್ದೇ ಇತ್ತು. ಜಪಾನಿನವನು ಕೊಡಲಿಲ್ಲ, ನಿನ್ನ ಬಸ್ಸು ಕೊಟ್ಟಿತು." ಇಡೀ ಬಸ್ಸು ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಕಂಡಕ್ಟರೇ. ತಮ್ಮ ಮೇಲಿನ ಹಾಸ್ಯ ಅವರಿಗೆ ಪಾಯಸ.

ಮುಂದಿನ ವರ್ಷಗಳಲ್ಲೂ ಇದೇ ನಡೆಯಿತು. ಆಮೇಲೆ ಬೊಂಬಾಯಿಯ ಸುದ್ದಿ ಬಂತು.

ಬಂದರಿನಲ್ಲಿ ನಿಂತಿದ್ದ ಹಡಗೊಂದು ಸಿಡಿದು ಬೆಂಕಿ ಊರೊಳಗೆಲ್ಲ ಹಬ್ಬಿತೆಂದು ಪತ್ರಿಕೆಯಲ್ಲಿ ಚುಟುಕಾಗಿ ಬಂದಿತ್ತು. ಯುದ್ಧದ ಕಾಲದಲ್ಲಿ ಯಾವ ಸುದ್ದಿಯೂ ಪೂರ್ತಿ ಬರುತ್ತಿರಲಿಲ್ಲ. ಉಳಿದದ್ದನ್ನು ಬೆಂಗಳೂರು ಬಸ್ಸಿನ ಪ್ರಯಾಣಿಕರು ತುಂಬಿಕೊಟ್ಟಿದ್ದರು. ಆ ಹಡಗಿನಲ್ಲಿ ಚಿನ್ನದ ಗಟ್ಟಿಗಳಿದ್ದವಂತೆ, ಸಿಡಿದ ರಭಸಕ್ಕೆ ಅವು ಹಾರಿಬಂದು ಮನೆಗಳ ಮೇಲೆ ಬಿದ್ದವಂತೆ.

ಕಂಡಕ್ಟರಿಗೆ ಅಂದು ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಹಗಲನ್ನ ಕತ್ಲೆ ಮಾಡ್ಕೊಂಡೋರಿಗೆ ಕತ್ಲೇನ ಹಗಲು ಮಾಡಿ ತೋರ್ಸವ್ನೆ ನೋಡ್ರಿ! ಚಿನ್ನ ಚಿನ್ನ ಅಂತ ಸಾಯ್ತಿದ್ರಲ್ಲ, ತಗಳ್ಳಿ ಅಂತ ತಲೆ ಮೇಲೇ ಎಸೆದವ್ನೆ!"

"ಒಂದೊಂದು ಎಷ್ಟು ದಪ್ಪ ಐತಂತೆ ಸಾಮೀ?" ಎಂದ ಹುಣಸೆಹಣ್ಣಿನ ವ್ಯಾಪಾರಿ.

"ಇಟ್ಟಿಗೆ ಇದ್ದಂಗೆ ಐತಂತೆ."

ಬಸ್ಸಿನೊಳಗೆ ಒಂದು ನಿಟ್ಟುಸಿರು ಎದ್ದಿತು. ವೀಳ್ಯದೆಲೆ ಮಾರುವ ಮುದುಕಿಯೊಬ್ಬಳು ಎದ್ದು ನಿಂತು ಕೈಮುಗಿದು, "ಯಾವ ಪಾಪ ಮಾಡಿದ್ರೆ ನಮ್ಮೂರಾಗೂ ಬೀಳ್ತೈತೆ, ಒಸಿ ಬುಡಿಸಿ ಹೇಳಪ್ಪಾ. ನಾವೂ ಮಾಡಾವ" ಎಂದಳು. ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಪೀರ್ ಸಾಬರ ಕೈಯಲ್ಲಿ ಸ್ಟೀರಿಂಗೂ ಅಲ್ಲಾಡಿತು.

ಆ ನಗುವಿನ ನಡುವೆ ಹಿಂದಿನ ಸೀಟಿನಿಂದ ಸಣ್ಣದೊಂದು ದನಿ ಬಂತು. "ಸಾಮೇ, ಹಡಗು ಸಿಡಿದಿದ್ದು ಸಾಮಾನು ಇಳಿಸೋ ಜಾಗದಾಗಾ?"

ಕೇಳಿದವಳು ಮುನೆಮ್ಮ. ಶೂಳಗಿರಿಯಿಂದ ದಿನವೂ ನನ್ನ ಜೊತೆ ಹತ್ತಿ ಕೃಷ್ಣಗಿರಿ ಮಾರ್ಕೆಟ್ಟಿಗೆ ಬದನೆಕಾಯಿ ಒಯ್ಯುವವಳು.

"ಹೂಂ ಕಣವ್ವಾ. ಯಾಕೆ?"

"ನನ್ ಮಗ ತಿಮ್ರಾಯ ಅಲ್ಲೇ ಮೂಟೆ ಹೊರಾದು."

ಕಂಡಕ್ಟರ ಬೆರಳು ಮೇಲೆಯೇ ನಿಂತುಬಿಟ್ಟಿತು. ಅದನ್ನು ಇಳಿಸುವುದು ಹೇಗೆಂದು ಅವರಿಗೆ ತಿಳಿಯದಂತಿತ್ತು.

ಮುನೆಮ್ಮ ಅಳಲಿಲ್ಲ, ಬೈಯಲಿಲ್ಲ. ಬುಟ್ಟಿಯನ್ನು ಎದೆಗೊತ್ತಿಕೊಂಡು ಕೇಳಿದಳು. "ನೀನು ತಿಳಿದೋನು. ನನ್ ಮಗ ಯಾವ ಪಾಪ ಮಾಡಿದ್ದ ಅಂತ ಹೇಳಪ್ಪಾ."

ಕಂಡಕ್ಟರು ಮೇಲುಮಲೆಯಲ್ಲಿ ಇಳಿದು ಹಂಡೆಯ ಹಿಡಿಯನ್ನು ಒಬ್ಬರೇ ತಿರುವಿದರು, ಗ್ಯಾಸು ಬಂದ ಮೇಲೂ ತಿರುವುತ್ತಲೇ ಇದ್ದರು. ಪೀರ್ ಸಾಬರು ಹೋಗಿ ಕೈಹಿಡಿದು ನಿಲ್ಲಿಸಬೇಕಾಯಿತು.

ಆಮೇಲಿನ ದಿನಗಳಲ್ಲಿ ಆಕೆ ಬೆಳಿಗ್ಗೆ ಬಸ್ಸು ಹತ್ತುವಳು, ಕೃಷ್ಣಗಿರಿಯಲ್ಲಿ ಬದನೆಕಾಯಿ ಇಳಿಸಿ ಪೋಸ್ಟಾಫೀಸಿಗೂ ಕಚೇರಿಗೂ ಅಲೆಯುವಳು, ಯಾರಿಗೂ ಏನೂ ಗೊತ್ತಿಲ್ಲವೆನ್ನಿಸಿಕೊಂಡು ಸಂಜೆ ಅದೇ ಬಸ್ಸಿನಲ್ಲಿ ವಾಪಸು. ಹೋಗುವಾಗ ಬರುವಾಗ ಎರಡು ಹೊತ್ತೂ ಕಂಡಕ್ಟರನ್ನು ಕೇಳುವಳು. ವ್ಯಂಗ್ಯವಿಲ್ಲ, ಸಿಟ್ಟಿಲ್ಲ, ವೈದ್ಯನನ್ನು ರೋಗದ ಹೆಸರು ಕೇಳುವ ಹಾಗೆ.

"ಚಿಕ್ಕೋನಿದ್ದಾಗ ಎಮ್ಮೆ ಬಾಲಕ್ಕೆ ಡಬ್ಬ ಕಟ್ಟಿದ್ದ ಸಾಮೇ. ಅದಾ?"

"ಅಲ್ಲ ಕಣವ್ವಾ. ಅದೆಲ್ಲಾ ಪಾಪಾನಾ?"

"ಗುಡಿ ಹುಂಡಿ ಮೇಲೆ ಹತ್ತಿ ಕುಂತಿದ್ದ."

"ಹುಡುಗ್ರು ಕುಂತ್ಕೋತವೆ. ಬುಡು."

"ಹಂಗಾದ್ರೆ ನಾನು ಮಾಡಿದ್ದಾ? ಅವ್ನು ಹೊಟ್ಟೆಯಾಗಿದ್ದಾಗ ಅತ್ತೆಗೆ ಎದುರು ಮಾತಾಡಿದ್ದೆ."

ಪತ್ರಿಕೆ ಕೊಡುವುದನ್ನೇ ಅವರು ನಿಲ್ಲಿಸಿಬಿಟ್ಟರು. ಬಸ್ಸು ಸಪ್ಪಗಾಯಿತು. ಮೂರು ಭಾಷೆಯ ರೈಟ್ ಹೋಗಿ ಬರಿಯ ಸೀಟಿ ಉಳಿಯಿತು.

ಮೇಲುಮಲೆಯ ಏರಿನಲ್ಲಿ ಒಂದು ಬೆಳಿಗ್ಗೆ ಎಲ್ಲರೂ ಬಸ್ಸು ತಳ್ಳುತ್ತಿದ್ದೆವು. ಮುನೆಮ್ಮ ನನ್ನ ಪಕ್ಕದಲ್ಲೇ ಹೆಗಲು ಕೊಟ್ಟು, ಮಗ ಸಣ್ಣವನಿದ್ದಾಗ ಪಕ್ಕದ ಹಿತ್ತಲಿನ ಸೀಬೆಹಣ್ಣು ಕದ್ದದ್ದನ್ನು ಕಂಡಕ್ಟರಿಗೆ ಕೂಗಿ ಹೇಳುತ್ತಿದ್ದಳು. ಆಗ ಅವಳ ಹಿಂದಿನಿಂದ ಹಾಲಿನವನು ತಡೆಯಲಾರದೆ ಅಂದ, "ಏ ಮುನೆಮ್ಮಾ, ಸೀಬೆಕಾಯಿಗೆಲ್ಲ ಹಡಗು ಸಿಡಿಯಾಕಿಲ್ಲ ಕಣೆ! ನಾನು ಮದ್ವೆಯಾದಾಗ್ಲಿಂದ ಹಾಲಿಗೆ ನೀರು ಬೆರೆಸ್ತಾ ಇವ್ನಿ. ನನ್ ತಲೆ ಮೇಲೆ ಒಂದು ಹಲ್ಲೀನೂ ಬಿದ್ದಿಲ್ಲ."

ಬಸ್ಸು ಒಂದು ಮಾರು ಮುಂದೆ ಹೋಯಿತು.

"ನಾನು ಹುಣಸೆಹಣ್ಣಿಗೆ ಮಣ್ಣು ಸೇರಿಸ್ತೀನಿ" ಎಂದ ವ್ಯಾಪಾರಿ. "ಗಟ್ಟಿಮುಟ್ಟಾಗಿವ್ನಿ."

ಗುಡಿಯ ಪೂಜಾರಪ್ಪ ಕೆಮ್ಮಿದರು. ನೈವೇದ್ಯದ ಪೊಂಗಲನ್ನು ದೇವರಿಗಿಂತ ಮೊದಲು ತಾವೇ ರುಚಿ ನೋಡುವುದುಂಟು ಎಂದರು. "ಉಪ್ಪು ಸರಿಯಾಗಿದೆಯೋ ಇಲ್ಲವೋ ಅಂತ" ಎಂದು ಸೇರಿಸಿದರು. ವೀಳ್ಯದೆಲೆಯ ಮುದುಕಿ ತನ್ನ ಗಂಡನಿಗೆ ಒಂದು ದೀಪಾವಳಿಯಲ್ಲಿ ಬೇಕೆಂದೇ ಖಾರದ ಹೋಳಿಗೆ ತಿನ್ನಿಸಿದ್ದನ್ನು ಒಪ್ಪಿಕೊಂಡು ಅಲ್ಲಿಯೇ ಕುಳಿತು ನಗತೊಡಗಿದಳು. ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಯಾರ ಪಾಪ ದೊಡ್ಡದೆಂಬ ಪೈಪೋಟಿಯೇ ಹತ್ತಿತು. ಅಷ್ಟು ಪಾಪಗಳ ಬಲದಿಂದ ಬಸ್ಸು ಎಂದೂ ಏರದ ವೇಗದಲ್ಲಿ ಮೇಲುಮಲೆ ಏರುತ್ತಿತ್ತು. ಪೀರ್ ಸಾಬರು ಕಿಟಕಿಯಿಂದ ತಲೆ ಹಾಕಿ, "ಇನ್ನೊಂದೆರಡು ಹೇಳ್ರಿ, ನೆತ್ತಿ ಬಂದೇ ಬಿಡ್ತು!" ಎಂದು ಕೂಗಿದರು.

ನೆತ್ತಿ ಬಂತು. ಎಲ್ಲರೂ ಏದುಸಿರು ಬಿಡುತ್ತ, ಕಣ್ಣೊರೆಸಿಕೊಳ್ಳುತ್ತ ನಿಂತರು. ಮುನೆಮ್ಮನ ಮುಖದಲ್ಲೂ ಎಷ್ಟೋ ದಿನದ ಮೇಲೆ ಏನೋ ಸಡಿಲವಾಗಿತ್ತು. ಆಗ ಕಂಡಕ್ಟರು ಹಂಡೆಯ ಹಿಡಿ ಬಿಟ್ಟು ಅವಳ ಮುಂದೆ ಬಂದು ನಿಂತರು. ಮುಖದ ಎರಡೂ ಕೆನ್ನೆ ಮಸಿ.

"ಮುನೆಮ್ಮಾ, ನಾನೂ ಒಂದು ಹೇಳ್ತೀನಿ. ಬೆಂಗ್ಳೂರಾಗೆ ಹಗಲೊತ್ತು ಬೊಂಬೆ ನೋಡಿವ್ನಿ ಕಣವ್ವಾ."



"ಒಂದ್ಸಲಾನಾ?" ಎಂದರು ಪೀರ್ ಸಾಬರು.

"ಹೋದಾಗೆಲ್ಲಾ" ಎಂದರು ಕಂಡಕ್ಟರು. "ಭಾಳಾ ಚೆನ್ನಾಗಿರ್ತೈತೆ."

ಆ ನಗು! ಇದನ್ನು ಬರೆಯುವಾಗಲೂ ನನಗೆ ಪಕ್ಕೆ ಹಿಡಿದುಕೊಳ್ಳುತ್ತಿದೆ. ಪೂಜಾರಪ್ಪನವರು ಮೈಲಿಗಲ್ಲಿನ ಮೇಲೆ ಕುಸಿದರು. ಹಾಲಿನವನು ಹೊಟ್ಟೆ ಹಿಡಿದು ಧೂಳಿನಲ್ಲಿ ಹೊರಳಿದ. ಆದರೆ ಕಂಡಕ್ಟರು ನಗುತ್ತಿರಲಿಲ್ಲ. "ನಂಗೆ ಏನೂ ಗೊತ್ತಿಲ್ಲ ಕಣವ್ವಾ. ಬಾಯಿಗೆ ಬಂದಿದ್ದು ಹೇಳ್ತಿದ್ದೆ. ದಾರಿ ಸಾಗಬೇಕಲ್ಲ, ಅದಕ್ಕೆ. ನಿನ್ ಮಗ ಏನೂ ಮಾಡಿಲ್ಲ" ಎಂದರು. ಮುನೆಮ್ಮ ಅಂದು ಮೊದಲ ಬಾರಿಗೆ ಅತ್ತಳು. ಅವರು ಹೆಗಲ ಟವಲು ಕೊಟ್ಟರು. ಅವಳು ಮುಖ ಒರೆಸಿಕೊಂಡದ್ದೇ ಟವಲಿನ ಮಸಿಯೆಲ್ಲ ಅವಳ ಮುಖಕ್ಕೂ ಬಂತು.

ಮಾವಿನ ಕಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ನಾನೂ ಮುನೆಮ್ಮನೂ ಶೂಳಗಿರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಹೊಸೂರು ಕಡೆಯಿಂದ ಬಸ್ಸಿಗಿಂತ ಮೊದಲು ಕೂಗು ಕೇಳಿತು. ಕಂಡಕ್ಟರು ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಟವಲು ಬೀಸುತ್ತ ಕಿರಿಚುತ್ತಿದ್ದರು. "ಮುನೆಮ್ಮೋ! ಏ ಮುನೆಮ್ಮೋ! ಬಂದ ಕಣೇ! ವಚ್ಚೇಶಾಡು! ವಂದುಟ್ಟಾನ್!" ಕನ್ನಡ ಸಾಲದೆ ತೆಲುಗಿನಲ್ಲೂ ತಮಿಳಿನಲ್ಲೂ ಬಂದನೆಂದು ಕೂಗುತ್ತಿದ್ದರು. ಬಸ್ಸು ನಿಲ್ಲುವ ಮೊದಲೇ ಅವರ ಹಿಂದಿನಿಂದ ಒಬ್ಬ ಹುಡುಗ ಧುಮುಕಿದ. ಮುನೆಮ್ಮನ ಬುಟ್ಟಿ ಕೆಳಗೆ ಬಿತ್ತು, ಬದನೆಕಾಯಿಗಳು ಚಕ್ರದ ಕೆಳಗೆಲ್ಲ ಉರುಳಿದವು. ಅವಳು ಅವನನ್ನು ಅಪ್ಪಿಕೊಳ್ಳಲಿಲ್ಲ. ಮೊದಲು ಕೈಗೆ ಸಿಕ್ಕ ಬದನೆಕಾಯಿಯಿಂದಲೇ ಬೆನ್ನಿಗೆ ನಾಲ್ಕು ಬಾರಿಸಿದಳು. "ಎಲ್ಲಿ ಸತ್ತಿದ್ಯೋ? ಎಲ್ಲಿದ್ಯೋ ಅವತ್ತು?"

"ಸಿನಿಮಾದಾಗಿದ್ದೆ ಕಣವ್ವಾ" ಎಂದ ತಿಮ್ರಾಯ, ಬೆನ್ನು ಉಜ್ಜಿಕೊಳ್ಳುತ್ತ. "ಕೆಲ್ಸಕ್ಕೆ ಚಕ್ಕರ್ ಹೊಡ್ದು ಹಗಲಾಟಕ್ಕೆ ಹೋಗಿದ್ದೆ. ಅಲ್ಲಿಗೇ ಢಮಾರ್ ಅಂತ ಕೇಳಿಸ್ತು. ಆಮೇಲೆ ಕಲ್ಲು ಮಣ್ಣು ತೆಗೆಯೋ ಕೆಲ್ಸಕ್ಕೆ ಹಾಕ್ಕೊಂಡ್ರು. ಸುದ್ದಿ ಕಳ್ಸಾಕೆ ದಾರಿ ಸಿಗಲಿಲ್ಲ."

ಬಸ್ಸಿನೊಳಗೂ ಹೊರಗೂ ಎದ್ದ ಗದ್ದಲವನ್ನು ನೀವೇ ಊಹಿಸಿಕೊಳ್ಳಿ. ಯಾರೋ ಕಂಡಕ್ಟರನ್ನು ಹೆಗಲ ಮೇಲೆ ಎತ್ತಿಕೊಂಡರು. ಹಗಲಾಟದ ದೇವರಿಗೆ ಒಂದು ತೆಂಗಿನಕಾಯಿ ಒಡೆಯಬೇಕೆಂದು ಹಾಲಿನವನು ಕೂಗಿದ. ನಾವೆಲ್ಲ ಕುಣಿಯುವುದೊಂದು ಬಾಕಿ.

ಸದ್ದು ಸ್ವಲ್ಪ ಇಳಿದ ಮೇಲೆ ತಿಮ್ರಾಯ ಅಂದ, "ನನ್ ಜೊತೇಲಿದ್ದೋನ್ನೂ ಕರೆದೆ. ಕೋಲಾರದ ಕಡೆಯೋನು. ಶುಕ್ರವಾರ ಕಣ್ಲಾ, ಸಿನಿಮಾ ಗಿನಿಮಾ ನಂಗೆ ಬ್ಯಾಡ ಅಂದ. ಕೆಲ್ಸಕ್ಕೆ ಹೋದ. ದಿನಾ ದೀಪ ಹಚ್ಚದೆ ಒಂದು ತುತ್ತೂ ಉಣ್ತಿರ್ಲಿಲ್ಲ. ಅವ್ನು ಸಿಗ್ಲೇ ಇಲ್ಲ."

ಕಂಡಕ್ಟರನ್ನು ಹೊತ್ತಿದ್ದವರು ಮೆಲ್ಲನೆ ಇಳಿಸಿದರು. ಅವರು ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಕುಳಿತರು. ಅವರು ಕುಳಿತದ್ದನ್ನು ನಾನು ಅದುವರೆಗೆ ನೋಡಿರಲೇ ಇಲ್ಲ.

"ಅವನ ಹೆಸ್ರೇನಪ್ಪಾ?" ಎಂದು ಕೇಳಿದರು.

ತಿಮ್ರಾಯ ಹೇಳಿದ.

"ಮನೇಲಿ ಯಾರವ್ರೆ?"

"ಒಬ್ಬಳು ಅಕ್ಕ ಅವ್ಳೆ ಅಂತಿದ್ದ."

ಅವರು ಆ ಹೆಸರನ್ನು ತಮ್ಮಷ್ಟಕ್ಕೆ ಎರಡು ಬಾರಿ ಹೇಳಿಕೊಂಡರು. ಆಮೇಲೆ ಬಗ್ಗಿ ಚಕ್ರದ ಕೆಳಗಿನ ಬದನೆಕಾಯಿ ಆರಿಸತೊಡಗಿದರು. ನಾವೂ ಬಗ್ಗಿದೆವು.

ಪತ್ರಿಕೆ ಮತ್ತೆ ನನ್ನ ಕೈಗೆ ಬಂತು. ಆದರೆ ಓದುವ ಕ್ರಮ ಬದಲಾಯಿತು. ಯಾವುದೇ ಪಟ್ಟಣದ ಹೆಸರು ಬಂದ ತಕ್ಷಣ ಅವರು ಕೈಯೆತ್ತಿ ನಿಲ್ಲಿಸಿ, ಬಸ್ಸಿನ ಉದ್ದಕ್ಕೂ ಕಣ್ಣಾಡಿಸಿ ಕೇಳುವರು. "ಆ ಊರಾಗೆ ನಿಮ್ಮೋರು ಯಾರಾನಾ ಅವ್ರಾ?" ಇದ್ದರೆ ವ್ಯಾಖ್ಯಾನವಿಲ್ಲ. ವಿಚಾರಣೆ ಮಾತ್ರ. ಇಲ್ಲದಿದ್ದರೂ ಪಾಪದ ಮಾತು ಬರುತ್ತಿರಲಿಲ್ಲ, ಬೇರೇನಾದರೂ ಹೇಳಿ ನಗಿಸುವರು. ಬೆಂಗಳೂರಿನಲ್ಲಿ ಗಾಳಿಗೆ ಹೆಂಚು ಹಾರಿದ ಸುದ್ದಿ ಬಂದಾಗ ವ್ಯಾಪಾರಿ ಎದ್ದು ನಿಂತು, "ಅಲ್ಲಿ ನಮ್ಮತ್ತೆ ಅವ್ಳೆ" ಎಂದ.

"ಹಂಗಾದ್ರೆ ಬುಡು, ಏನೂ ಹೇಳಾಕಿಲ್ಲ."

"ಇಲ್ಲ ಸಾಮೀ, ಅವಳ ವಿಷ್ಯದಾಗೆ ಪಾಪ ಐತೆ. ಧಾರಾಳವಾಗಿ ಹೇಳಿ" ಎಂದ.

ಹೀಗೆ ನಗುತ್ತಲೇ ಯುದ್ಧ ಕೊನೆಗೆ ಬಂತು. ಮಾರನೆಯ ವರ್ಷದ ಶ್ರಾವಣಕ್ಕೆ ಸ್ವಲ್ಪ ಮುಂಚೆ, ಜಪಾನಿನ ಒಂದು ಪಟ್ಟಣದ ಮೇಲೆ ಒಂದೇ ಒಂದು ಬಾಂಬು ಹಾಕಿದರು, ಇಡೀ ಊರೇ ಇಲ್ಲವಾಯಿತು ಎಂದು ಓದಿದೆ. ಎಲ್ಲರಿಗೂ ಅದು ಸಂತೋಷದ ಸುದ್ದಿಯೇ. ಯುದ್ಧ ಮುಗಿಯುತ್ತದೆ, ಪೆಟ್ರೋಲು ಬರುತ್ತದೆ, ಬಸ್ಸು ತಳ್ಳುವುದು ತಪ್ಪುತ್ತದೆ. ಕಂಡಕ್ಟರು ಅಭ್ಯಾಸದಂತೆ ಕೈಯೆತ್ತಿ, "ಆ ಊರಾಗೆ ನಿಮ್ಮೋರು..." ಎಂದು ಶುರುಮಾಡಿ, ಅದು ಎಷ್ಟು ಪೆದ್ದು ಪ್ರಶ್ನೆ ಎಂದು ತಾವೇ ನಕ್ಕರು. ನಾವೂ ನಕ್ಕೆವು.

"ಜಪಾನ್ನೋರು ಮಾಡಿದ್ದೇನು ಕಮ್ಮಿ ಪಾಪಾನಾ? ಇದಕ್ಕಾದ್ರೂ ಹೇಳಿ ಸಾಮೀ" ಎಂದ ಹಾಲಿನವನು.

ಹಿಂದಿನ ಸೀಟಿನಲ್ಲಿ ಮುನೆಮ್ಮ ಬುಟ್ಟಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದವಳು ತಲೆಯೆತ್ತಿದಳು. "ನಮ್ಮೋರು ಒಬ್ರು ಅಲ್ಲಿ ಅವ್ರೆ ಅಂತ ಅಂದ್ಕೊಳ್ಳಪ್ಪಾ" ಎಂದಳು.

ಕಂಡಕ್ಟರು ಅವಳ ಮುಖ ನೋಡಿದರು. ಆಮೇಲೆ ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು ಮಡಿಸಿದರು.

"ಹಂಗಾದ್ರೆ ಯಾರೂ ಮಾತಾಡ್ಬ್ಯಾಡಿ" ಎಂದರು.

 ಕೃಷ್ಣಗಿರಿಯ ಬೆಟ್ಟ ಕಾಣುವವರೆಗೂ ಬಸ್ಸಿನೊಳಗೆ ಎಂಜಿನ್ನಿನ ಸದ್ದೊಂದೇ ಇತ್ತು.